ಯಾರ್ಕ್‌ಶೈರ್ ಪತ್ರ – 14: ಕೂತಾಗ ಸರಿ, ಏದುಸಿರು ಬಂದಾಗ?

ಬರೀದೆ ಮೂರು ವಾರ ಆಯ್ತು. ಹೋದ ಸಲ ಸಕ್ಕರೆ ಕಾಯಿಲೆಯವರ ಕಾಲಿನ ಗಾಯದ ಬಗ್ಗೆ ಬರೆದಾಗ ತುಂಬಾ ಜನ ಪ್ರಶ್ನೆ ಕೇಳಿದ್ರಿ. ಅದಕ್ಕೆಲ್ಲ ಉತ್ತರ ಬಾಕಿ ಇದೆ, ಮರೆತಿಲ್ಲ. ನೈಟ್ ಡ್ಯೂಟಿ ಸಾಲಾಗಿ ಬಿದ್ದಿತ್ತು. ಆದ್ರೆ ಇವತ್ತು ಅದನ್ನ ಪಕ್ಕಕ್ಕಿಟ್ಟು ಬೇರೆ ವಿಷಯ ಬರೀತಿದೀನಿ. ನವರಾತ್ರಿ ಮುಗೀತು, ಇನ್ನೇನು ದೀಪಾವಳಿ, ಅದರ ಬೆನ್ನಿಗೇ ನಮ್ಮ ಕಡೆ ಕೊನೆ ಕೊಯ್ಲು ಶುರು ಆಗತ್ತೆ. ಅಷ್ಟರೊಳಗೆ ಈ ಮಾತು ನಿಮ್ಮ ಕಿವಿಗೆ ಬೀಳ್ಬೇಕು.

ವಿಷಯ ನಮ್ಮ ಚಿಕ್ಕಪ್ಪನ ಮಗನದ್ದು. ಹೆಸರು ಬರೆಯಲ್ಲ, ಊರವರಿಗೆ ಯಾರು ಅಂತ ಗೊತ್ತೇ ಇದೆ. ಅವನನ್ನ ಕೇಳಿಯೇ ಬರೀತಿದೀನಿ. "ಬರಿ ಅಕ್ಕ, ನಾನು ಹೇಳಿದ್ರೆ ಯಾರೂ ನಂಬಲ್ಲ, ನೀನು ಹೇಳಿದ್ರೆ ನಂಬ್ತಾರೆ" ಅಂದ. ಆ ಮಾತು ಕೇಳಿ ನನಗೆ ಖುಷಿ ಆಗಲಿಲ್ಲ, ನಾಚಿಕೆ ಆಯ್ತು. ಯಾಕೆ ಅಂತ ಮುಂದೆ ಹೇಳ್ತೀನಿ.

ಜುಲೈ ತಿಂಗಳಲ್ಲಿ, ಆ ಮಳೆಯಲ್ಲಿ, ಸಾಗರದಿಂದ ವಾಪಸ್ ಬರೋವಾಗ ಅವನ ಬೈಕ್ ಜಾರಿತು. ಹೆಲ್ಮೆಟ್ ಇತ್ತು, ಪುಣ್ಯ. ಒಂದೆರಡು ನಿಮಿಷ ಏನಾಯ್ತು ಅಂತ ನೆನಪಿಲ್ಲ ಅವನಿಗೆ. ಆಸ್ಪತ್ರೆಗೆ ಕರ್ಕೊಂಡು ಹೋದ್ರು, ತಲೆ ಸ್ಕ್ಯಾನ್ ಮಾಡಿಸಿದ್ರು, ನಾರ್ಮಲ್ ಅಂತ ಬಂತು. ಹದಿನೈದು ದಿನ ತಲೆನೋವು, ಆಮೇಲೆ ಆರಾಮಾದ. ಮನೆಯಲ್ಲಿ ಕೂತು ಟಿವಿ ನೋಡ್ತಾನೆ, ಲೆಕ್ಕ ಬರೀತಾನೆ, ಸೊಸೈಟಿಗೆ ಹೋಗಿ ಬರ್ತಾನೆ, ಎಲ್ಲ ಸರಿ. ಆದ್ರೆ ತೋಟಕ್ಕೆ ಔಷಧಿ ಹೊಡೆಯೋಕೆ ಮರ ಹತ್ತಿದಾಗ ಮೊದಲ ಎರಡು ಮರ ಸರಿ, ನಾಲ್ಕನೇ ಮರಕ್ಕೆ ಬರೋ ಹೊತ್ತಿಗೆ "ತಲೆಯೊಳಗೆ ಹೊಗೆ ತುಂಬಿದ ಹಾಗೆ" ಆಗತ್ತಂತೆ. ಒಂದು ದಿನ ಮರದ ತುದಿಯಲ್ಲಿ ಕೂತು, ಮುಂದೆ ಏನು ಮಾಡ್ಬೇಕು ಅನ್ನೋದೇ ಗೊತ್ತಾಗದೆ, ಕೆಳಗಿಂದ ಅವರಪ್ಪ ಕೂಗಿದ್ದೂ ಅರ್ಥ ಆಗದೆ, ಮರ ತಬ್ಕೊಂಡು ಸುಮ್ನೆ ಇದ್ದನಂತೆ. ಕೆಳಗೆ ಇಳಿದು ಕಾಲು ಗಂಟೆ ಕೂತ ಮೇಲೆ ಎಲ್ಲ ಮೊದಲಿನ ಹಾಗೇ.

ಇದಕ್ಕೆ ಊರಲ್ಲಿ ಬಂದ ಅಭಿಪ್ರಾಯಗಳು: ಒಂದು, ಹೆದರಿಕೆ. ಎರಡು, ಸೋಮಾರಿತನ. ಮೂರು, ಮೊಬೈಲ್. ನಾಲ್ಕು, ಮದುವೆ ಮಾಡಿದ್ರೆ ಸರಿ ಹೋಗತ್ತೆ. "ಸ್ಕ್ಯಾನೇ ನಾರ್ಮಲ್ ಬಂದಿದೆ, ಇನ್ನೇನು?" ಅನ್ನೋದು ಎಲ್ಲದಕ್ಕೂ ಮುಕ್ತಾಯ.

ಈಗ ನನ್ನ ಕಥೆ ಕೇಳಿ. ಇದನ್ನ ಮನೆಯಲ್ಲಿ ಅಮ್ಮನಿಗೂ ಪೂರ್ತಿ ಹೇಳಿರಲಿಲ್ಲ. ಅಮ್ಮ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಮೊದಲೇ ಹೇಳ್ತೀನಿ, ನಾನು ಈಗ ಆರಾಮಿದೀನಿ.

ಎರಡು ವರ್ಷದ ಹಿಂದೆ ಜನವರಿ. ನೈಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಕಾರ್ ಪಾರ್ಕಿಗೆ ಹೋಗ್ತಿದ್ದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಕಣ್ಣಿಗೆ ಕಾಣದ ಹಾಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿರತ್ತೆ, ಬ್ಲ್ಯಾಕ್ ಐಸ್ ಅಂತಾರೆ. ನಮ್ಮ ಮಳೆಗಾಲದ ಪಾಚಿ ಕಟ್ಟಿದ ಅಂಗಳ ನೆನೆಸ್ಕೊಳ್ಳಿ, ಅದರಪ್ಪ. ಕಾಲು ಜಾರಿ ಅಂಗಾತ ಬಿದ್ದೆ, ತಲೆಯ ಹಿಂಭಾಗ ನೆಲಕ್ಕೆ ಬಡೀತು. ಪ್ರಜ್ಞೆ ತಪ್ಪಲಿಲ್ಲ. ಎದ್ದು "ಐ ಆಮ್ ಫೈನ್" ಅಂದೆ. ನರ್ಸ್‌ಗಳ ರೋಗ ಅದು. ಅರ್ಧ ಗಂಟೆಯಲ್ಲಿ ಎರಡು ಸಲ ವಾಂತಿ ಆಯ್ತು. ಜೊತೆಗಿದ್ದ ಕೇರಳದ ಗೆಳತಿ ಬೈದು ಎಮರ್ಜೆನ್ಸಿಗೆ ಕರ್ಕೊಂಡು ಹೋದಳು. ತಲೆಗೆ ಪೆಟ್ಟು ಬಿದ್ದು ಒಂದಕ್ಕಿಂತ ಹೆಚ್ಚು ಸಲ ವಾಂತಿ ಆದ್ರೆ ಇಲ್ಲಿ ಸಿಟಿ ಸ್ಕ್ಯಾನ್ ಮಾಡ್ಲೇಬೇಕು ಅಂತ ಮಾರ್ಗಸೂಚಿ ಇದೆ. ಮಾಡಿದ್ರು. ನಾರ್ಮಲ್. ಕನ್ಕಶನ್ ಅಂತ ಹೇಳಿ, ಒಂದು ಹಾಳೆ ಕೊಟ್ಟು ಮನೆಗೆ ಕಳಿಸಿದ್ರು.

ಎರಡು ವಾರ ರಜೆ. ಬೆಳಕು ಕಂಡ್ರೆ ಆಗ್ತಿರಲಿಲ್ಲ, ಆಮೇಲೆ ಅದೂ ಕಡಿಮೆ ಆಯ್ತು. ಸಿಬ್ಬಂದಿಯ ಆರೋಗ್ಯ ನೋಡೋ ವಿಭಾಗದಿಂದ ಫೋನ್ ಬಂತು. ಸೋಫಾ ಮೇಲೆ ಕಾಲು ಮಡಚಿ ಕೂತು, ಕೈಯಲ್ಲಿ ಕಾಫಿ ಲೋಟ ಹಿಡ್ಕೊಂಡು ಉತ್ತರ ಕೊಟ್ಟೆ. ತಲೆನೋವಿದೆಯಾ? ಇಲ್ಲ. ಓದಕ್ಕೆ ಆಗತ್ತಾ? ಆಗತ್ತೆ. ನಿದ್ದೆ? ಬರತ್ತೆ. ಒಂದೇ ಒಂದು ಉತ್ತರವೂ ಸುಳ್ಳಲ್ಲ. ಆ ಸೋಫಾ ಮೇಲೆ ನಾನು ನಿಜವಾಗ್ಲೂ ಪೂರ್ತಿ ಸರಿ ಇದ್ದೆ. ಮೊದಲು ಸಣ್ಣ ಶಿಫ್ಟು, ಆಮೇಲೆ ಹನ್ನೆರಡೂವರೆ ಗಂಟೆಯ ಶಿಫ್ಟು. ಎಲ್ಲ ಮೊದಲಿನ ಹಾಗೇ ಅನ್ಕೊಂಡೆ. ಸಂಜೆ ಹೊತ್ತಿಗೆ ಸ್ವಲ್ಪ ಮಂಕು ಅನಿಸ್ತಿತ್ತು, ಯಾರಿಗೆ ಅನಿಸಲ್ಲ ಹೇಳಿ?

ಬಿದ್ದು ಆರು ವಾರ ಆಗಿತ್ತು. ನಮ್ಮ ವಾರ್ಡಲ್ಲಿ ಒಬ್ಬ ಅಜ್ಜನ ಹೃದಯ ನಿಂತುಹೋಯ್ತು. 2222ಕ್ಕೆ ಫೋನ್ ಹೋಯ್ತು, ನಾನು ಎದೆ ಒತ್ತೋಕೆ ಶುರು ಮಾಡಿದೆ. ಅದು ಎಷ್ಟು ಕಷ್ಟದ ಕೆಲಸ ಅಂತ ಮಾಡಿದವರಿಗೇ ಗೊತ್ತು. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ 5ರಿಂದ 6 ಸೆಂಟಿಮೀಟರ್ ಆಳಕ್ಕೆ. ಎರಡೇ ನಿಮಿಷಕ್ಕೆ ಒಬ್ಬರು ಸುಸ್ತಾಗ್ತಾರೆ ಅಂತ ಎರಡು ನಿಮಿಷಕ್ಕೊಮ್ಮೆ ಬದಲಾಯಿಸ್ತೀವಿ. ನನ್ನ ಸರದಿ ಎರಡು ಸಲ ಬಂತು. ಅಜ್ಜನಿಗೆ ನಾಡಿ ವಾಪಸ್ ಬಂತು. ನಾನು ಬೆವರಿನಲ್ಲಿ ತೊಯ್ದು ಹೋಗಿದ್ದೆ. ಆಗ ಡಾಕ್ಟರ್ ನನ್ನ ಕಡೆ ತಿರುಗಿ, ಮೆಗ್ನೀಸಿಯಂ 2 ಗ್ರಾಂ ರೆಡಿ ಮಾಡಿ ಅಂದ್ರು.

10 ಎಂಎಲ್‌ನ ಆಂಪೂಲ್. ಅದರಲ್ಲಿ 5 ಗ್ರಾಂ ಇರತ್ತೆ. ಬೇಕಿರೋದು 2 ಗ್ರಾಂ. ಹೈಸ್ಕೂಲ್ ಮಕ್ಕಳು ಹೇಳ್ತಾರೆ, 4 ಎಂಎಲ್. ನಾನು ಲೇಬಲ್ ಓದಿದೆ. ಮತ್ತೆ ಓದಿದೆ. ಐದು ಅನ್ನೋದು ಕಾಣ್ತಿತ್ತು, ಹತ್ತು ಅನ್ನೋದು ಕಾಣ್ತಿತ್ತು, ಎರಡು ಅನ್ನೋದು ಕಿವಿಯಲ್ಲಿತ್ತು. ಆದ್ರೆ ಆ ಮೂರು ಅಂಕಿಗಳಿಗೂ ಒಂದಕ್ಕೊಂದು ಏನು ಸಂಬಂಧ ಅನ್ನೋದು ತಲೆಗೆ ಬರ್ತಾನೇ ಇಲ್ಲ. ಕೈ ಮಾತ್ರ ಅಭ್ಯಾಸಬಲದಲ್ಲಿ ಕೆಲಸ ಮಾಡ್ತಾ ಇತ್ತು. ಪೂರ್ತಿ 10 ಎಂಎಲ್ ಸಿರಿಂಜಿಗೆ ಎಳೆದುಬಿಟ್ಟಿದ್ದೆ. ಜೊತೆಗೆ ಚೆಕ್ ಮಾಡೋಕೆ ನಿಂತ ಸಿಸ್ಟರ್ "ಎಷ್ಟು ತಗೊಂಡೆ?" ಅಂದ್ರು. ನನಗೆ ಉತ್ತರ ಗೊತ್ತಿಲ್ಲ. ಅವರು ಒಂದು ಮಾತೂ ಆಡದೆ ಸಿರಿಂಜ್ ನನ್ನ ಕೈಯಿಂದ ತಗೊಂಡು, ಬೇರೆ ತಯಾರಿಸಿ ಕೊಟ್ರು. ಔಷಧಿಯನ್ನ ಇಬ್ಬರು ನೋಡ್ಬೇಕು ಅನ್ನೋ ನಿಯಮ ಅವತ್ತು ಆ ಅಜ್ಜನನ್ನೂ ಕಾಪಾಡ್ತು, ನನ್ನನ್ನೂ ಕಾಪಾಡ್ತು.

ಇಪ್ಪತ್ತು ನಿಮಿಷ ಆದ ಮೇಲೆ ಸ್ಟಾಫ್ ರೂಮಲ್ಲಿ ಟೀ ಮುಂದೆ ಇಟ್ಕೊಂಡು ಕೂತಿದ್ದೆ. ಯಾರೂ ಕೇಳದೇನೇ ತಲೆಯೊಳಗೆ ತಾನಾಗೇ ಬಂತು: ನಾಲ್ಕು ಎಂಎಲ್. ಆಗ ಅಳು ಬಂತು ನೋಡಿ. ತಪ್ಪು ಮಾಡಿದೆ ಅಂತ ಅಷ್ಟೇ ಅತ್ತಿದ್ದಲ್ಲ. ಕೂತಾಗ ಇರೋ ನಾನು, ಕೆಲಸ ಮಾಡೋವಾಗ ಇರೋ ನಾನು ಬೇರೆ ಬೇರೆ ಆಗಿಬಿಟ್ಟಿದೀನಿ, ಮತ್ತು ಅದು ನನಗೇ ಗೊತ್ತಿರಲಿಲ್ಲ ಅನ್ನೋ ಭಯಕ್ಕೆ ಅತ್ತೆ.

ಯಾಕೆ ಹೀಗಾಗತ್ತೆ? ನಮ್ಮೂರ ಭಾಷೆಯಲ್ಲೇ ಹೇಳ್ತೀನಿ. ಸಂಜೆ ಹೊತ್ತು ವೋಲ್ಟೇಜ್ ಕಮ್ಮಿ ಇದ್ದಾಗ ಮನೆಯ ಬಲ್ಬ್ ಉರೀತಾ ಇರತ್ತೆ, ಯಾರಿಗೂ ತೊಂದರೆ ಗೊತ್ತಾಗಲ್ಲ. ತೋಟದಲ್ಲಿ ಪಂಪ್‌ಸೆಟ್ ಹಾಕಿದ ತಕ್ಷಣ ಬಲ್ಬ್ ಮಂಕಾಗತ್ತೆ. ಬಲ್ಬ್ ಕೆಟ್ಟಿಲ್ಲ, ವೈರ್ ತುಂಡಾಗಿಲ್ಲ. ಲೋಡ್ ಬಿದ್ದಾಗ ಸಾಲ್ತಾ ಇಲ್ಲ ಅಷ್ಟೇ. ಲೈನ್‌ಮನ್ ಬಂದು, ಮೋಟರ್ ಆಫ್ ಇರೋವಾಗ ಬಲ್ಬ್ ನೋಡಿ "ಎಲ್ಲ ಸರಿ ಇದೆ" ಅಂದ್ರೆ ಒಪ್ತೀರಾ?

ಕನ್ಕಶನ್ ಅಂದ್ರೆ ಪೆಟ್ಟಿಗೆ ಮಿದುಳು ಬುರುಡೆಯೊಳಗೆ ಜೋರಾಗಿ ಅಲುಗಾಡಿ ಆಗೋ ಗಾಯ. ಹೆಲ್ಮೆಟ್ ಬುರುಡೆ ಒಡೆಯೋದನ್ನ ತಪ್ಪಿಸತ್ತೆ, ಜೀವ ಉಳಿಸತ್ತೆ, ಹಾಕ್ಕೊಳ್ಳಲೇಬೇಕು. ಆದ್ರೆ ಒಳಗಿನ ಅಲುಗಾಟವನ್ನ ಪೂರ್ತಿ ತಡೆಯಲ್ಲ. ಆ ಅಲುಗಾಟಕ್ಕೆ ನರಕೋಶಗಳಿಂದ ಪೊಟ್ಯಾಶಿಯಂ ಹೊರಗೆ, ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ. ಅದನ್ನ ಮತ್ತೆ ಸರಿದೂಗಿಸೋಕೆ ಕೋಶಗಳಿಗೆ ಮಾಮೂಲಿಗಿಂತ ಹೆಚ್ಚು ಶಕ್ತಿ ಬೇಕು, ಆದ್ರೆ ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆ ಆಗಿರತ್ತೆ. ಸಿಟಿ ಸ್ಕ್ಯಾನ್ ನೋಡೋದು ರಕ್ತಸ್ರಾವ, ಮುರಿತ, ಊತ. ಈ ಶಕ್ತಿಯ ಲೆಕ್ಕಾಚಾರ ಅದರಲ್ಲಿ ಕಾಣಲ್ಲ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಅಂದ್ರೆ "ಆಪರೇಶನ್ ಬೇಕಾಗೋ ಅಂಥದ್ದು ಏನೂ ಕಾಣ್ತಿಲ್ಲ" ಅಂತ ಮಾತ್ರ. ಏನೂ ಆಗಿಲ್ಲ ಅಂತ ಅಲ್ಲ.

ಇನ್ನೊಂದು ವಿಷಯ. ನಾವು ಓಡಿದಾಗ, ಹತ್ತಿದಾಗ, ಭಾರ ಎತ್ತಿದಾಗ ನಾಡಿ, ಬಿಪಿ ಎಲ್ಲ ಏರತ್ತೆ. ಆದ್ರೂ ಮಿದುಳಿಗೆ ಹೋಗೋ ರಕ್ತ ಒಂದು ಹದದಲ್ಲಿ ಇರೋ ಹಾಗೆ ದೇಹ ನೋಡ್ಕೊಳ್ಳತ್ತೆ. ಕನ್ಕಶನ್ ಆದ ಕೆಲವರಲ್ಲಿ ಆ ಹದ ತಪ್ಪಿರತ್ತೆ. ಆಗ ನಾಡಿ ಒಂದು ಮಟ್ಟ ದಾಟಿದ ಕೂಡ್ಲೇ ತಲೆನೋವು, ತಲೆಸುತ್ತು, ಮಂಕು. ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದ ಆಸುಪಾಸು, ಮಕ್ಕಳು ನಾಲ್ಕು ವಾರದೊಳಗೆ ಚೇತರಿಸ್ಕೊಳ್ತಾರೆ. ಆದ್ರೆ ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯತ್ತೆ. ನಾನು ಆ ಕೆಲವರಲ್ಲಿ ಒಬ್ಬಳು. ನಮ್ಮ ಹುಡುಗನೂ ಹೌದು ಅಂತ ನನಗೆ ಬಲವಾದ ಅನುಮಾನ.

ಇದು ನನ್ನ ಒಬ್ಬಳ ಕಲ್ಪನೆ ಅಂತ ಅನ್ಕೋಬೇಡಿ. ಅಮೆರಿಕದಲ್ಲಿ 2013ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಕನ್ಕಶನ್ ಆಗಿದ್ದ 54 ವಿದ್ಯಾರ್ಥಿ ಆಟಗಾರರು. ಎಲ್ಲರೂ "ಈಗ ಏನೂ ತೊಂದರೆ ಇಲ್ಲ" ಅಂದವರು, ಕೂತು ಮಾಡೋ ಕಂಪ್ಯೂಟರ್ ಪರೀಕ್ಷೆಯಲ್ಲಿ ಪಾಸಾದವರು. ಅವರಿಗೆ ಮಧ್ಯಮ ಮಟ್ಟದ ವ್ಯಾಯಾಮ ಮಾಡಿಸಿ, ಮತ್ತೆ ಅದೇ ಪರೀಕ್ಷೆ ಕೊಟ್ರು. ಶೇಕಡ 28ರಷ್ಟು ಜನ, ಅಂದ್ರೆ 15 ಮಂದಿ, ಫೇಲ್ ಆದ್ರು. ಸಣ್ಣ ಅಧ್ಯಯನ, ಒಪ್ತೀನಿ. ಆದ್ರೆ ಅದನ್ನ ಓದಿದಾಗ ನನ್ನ ಕಣ್ಣ ಮುಂದೆ ಆ ಸಿರಿಂಜೇ ಬಂತು.

ಇದನ್ನ ಅಳೆಯೋಕೆ ದಾರಿಯೂ ಇದೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಡಾ. ಜಾನ್ ಲೆಡ್ಡಿ ಮತ್ತು ಅವರ ಜೊತೆಗಾರರು ಒಂದು ಟ್ರೆಡ್‌ಮಿಲ್ ಪರೀಕ್ಷೆ ರೂಪಿಸಿದಾರೆ. ಬೇಗ ಬೇಗ ನಡೆಯೋ ವೇಗ, ನಿಮಿಷಕ್ಕೊಮ್ಮೆ ಏರು ಸ್ವಲ್ಪ ಸ್ವಲ್ಪ ಹೆಚ್ಚಾಗ್ತಾ ಹೋಗತ್ತೆ. ಪಕ್ಕದಲ್ಲಿ ನಿಂತವರು ನಾಡಿ ಬರ್ಕೊಳ್ತಾರೆ, ಹತ್ತಕ್ಕೆ ಎಷ್ಟು ತೊಂದರೆ ಅಂತ ಕೇಳ್ತಾ ಇರ್ತಾರೆ. ತೊಂದರೆ ಶುರುವಿನಲ್ಲಿ ಇದ್ದದ್ದಕ್ಕಿಂತ ಮೂರು ಅಂಕ ಏರಿದ್ರೆ ಅಲ್ಲಿಗೆ ನಿಲ್ಲಿಸ್ತಾರೆ. ಆ ಹೊತ್ತಿನ ನಾಡಿಯೇ ನಿಮ್ಮ ಗಡಿ. ನಾನು ಮಾರನೇ ದಿನ ಮ್ಯಾನೇಜರ್ ಹತ್ರ ಎಲ್ಲ ಒಪ್ಕೊಂಡೆ. ಒಂದು ತಿಂಗಳು ಓಡಾಟ ಕಡಿಮೆ ಇರೋ ಕೆಲಸಕ್ಕೆ ಹಾಕಿದ್ರು, ಈ ಪರೀಕ್ಷೆ ಗೊತ್ತಿರೋ ಫಿಸಿಯೋ ಹತ್ರ ಹೋದೆ. ನನ್ನ ಗಡಿ 135 ಬಂತು. ಅದರ ಶೇಕಡ 80ರಿಂದ 90, ಅಂದ್ರೆ ನಾಡಿ 108ರಿಂದ 121ರ ಒಳಗೆ ಇರೋ ಹಾಗೆ ದಿನಾ ಇಪ್ಪತ್ತು ನಿಮಿಷ ನಡಿ ಅಂದ್ರು. ವಾರ ವಾರ ಗಡಿ ಮೇಲೆ ಹೋಯ್ತು. ಸುಮಾರು ಎರಡೂವರೆ ತಿಂಗಳಿಗೆ ನಾನು ಮೊದಲಿನ ನಾನಾದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬರ್ಬಾರ್ದು. "ಹಾಗಾದ್ರೆ ಮೂರು ತಿಂಗಳು ಹಾಸಿಗೆ ಮೇಲೆ ಮಲಗಿಸೋಣ, ಕತ್ತಲೆ ಕೋಣೆಯಲ್ಲಿ ಇಡೋಣ" ಅಂತ ಹೊರಡಬೇಡಿ. ಹಿಂದೆ ಹಾಗೇ ಹೇಳ್ತಿದ್ರು, ಈಗ ಹೇಳಲ್ಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮೊದಲ ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ನಡಿಗೆ, ಹಂತ ಹಂತವಾಗಿ ವ್ಯಾಯಾಮ ಅಂತಾನೇ ಹೇಳಿದಾರೆ. ಲೆಡ್ಡಿಯವರ ತಂಡ 2019ರಲ್ಲಿ ಹದಿಹರೆಯದ ಆಟಗಾರರ ಮೇಲೆ ಮಾಡಿದ ಅಧ್ಯಯನದಲ್ಲಿ, ಗಡಿಯೊಳಗೆ ವ್ಯಾಯಾಮ ಮಾಡಿದವರು 13 ದಿನದಲ್ಲಿ, ಬರೀ ಮೈ ಸಡಿಲಿಸೋ ಕಸರತ್ತು ಮಾಡಿದವರು 17 ದಿನದಲ್ಲಿ ಚೇತರಿಸಿಕೊಂಡ್ರು. ಶ್ರಮವೇ ಔಷಧಿ, ಆದ್ರೆ ಅಳತೆಯಲ್ಲಿ. ಮೆಗ್ನೀಸಿಯಂ ಥರಾನೇ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಇಷ್ಟೆಲ್ಲ ಹೇಳಿದ್ದು ಅದಕ್ಕೇ.

ನಾವು ಮನುಷ್ಯರನ್ನ ಕೂರಿಸಿ ಪರೀಕ್ಷೆ ಮಾಡ್ತೀವಿ, ಓಡಿಸಿ ಕೆಲಸ ಮಾಡಿಸ್ತೀವಿ. ಇದು ತಪ್ಪು. "ಆರಾಮಿದೀಯಾ?" ಅಂತ ಜಗಲಿ ಮೇಲೆ ಕೂತವನನ್ನ ಕೇಳಿದ್ರೆ ಅವನು "ಆರಾಮು" ಅಂತಾನೇ ಹೇಳ್ತಾನೆ, ಮತ್ತು ಅದು ನಿಜ. ಕೇಳ್ಬೇಕಾದ ಪ್ರಶ್ನೆ ಬೇರೆ: ನೀನು ಮಾಡೋ ಕೆಲಸ ಯಾವುದು? ಆ ಕೆಲಸದಲ್ಲಿ ಬೆವರು ಬಂದ ಮೇಲೆ, ಏದುಸಿರು ಬಂದ ಮೇಲೆ ನಿನ್ನ ತಲೆ ಹೇಗಿರತ್ತೆ?

ಇಲ್ಲಿ ಬ್ರಿಟನ್ನಿನಲ್ಲಿ ಶಾಲೆ, ಕ್ಲಬ್ ಮಟ್ಟದ ಆಟಗಳಿಗೆ 2023ರಲ್ಲಿ ಸರಕಾರವೇ ಮಾರ್ಗಸೂಚಿ ತಂದಿದೆ. ಕನ್ಕಶನ್ ಆದ ಹುಡುಗ 21 ದಿನಕ್ಕೆ ಮುಂಚೆ ಪಂದ್ಯ ಆಡೋ ಹಾಗಿಲ್ಲ. ಆಡೋಕೆ ಮುಂಚೆ ವಿಶ್ರಾಂತಿಯಲ್ಲಿ ಇದ್ದಾಗ 14 ದಿನ ತೊಂದರೆ ಇರಬಾರದು, ಸಾಲದ್ದಕ್ಕೆ ತರಬೇತಿ ಮಾಡೋವಾಗಲೂ ತೊಂದರೆ ಬರಬಾರದು. ಆ ಕೊನೇ ಮಾತು ನೋಡಿ, ಎಷ್ಟು ಸರಿಯಾಗಿದೆ. ಆದ್ರೆ ನನಗೆ ಬೇಜಾರಾಗೋದು ಇಲ್ಲೇ. ಭಾನುವಾರ ಮಜಕ್ಕೆ ರಗ್ಬಿ ಆಡೋ ಹುಡುಗನಿಗೆ ಇರೋ ಈ ಎಚ್ಚರಿಕೆ, ಸೋಮವಾರದಿಂದ ಶನಿವಾರ ಮೈಮುರಿದು ದುಡಿಯೋರಿಗೆ ಯಾಕಿಲ್ಲ? ರೋಗಿಯನ್ನ ಎತ್ತಿ ಮಲಗಿಸೋ ನರ್ಸಿಗೆ, ಸಿಮೆಂಟ್ ಮೂಟೆ ಹೊರೋನಿಗೆ, ಅಡಿಕೆ ಮರ ಹತ್ತೋನಿಗೆ? ಅವರಿಗೆ ಒಂದು ಫೋನ್ ಕಾಲ್, ಇಲ್ಲಾಂದ್ರೆ ಒಂದು ಸ್ಕ್ಯಾನ್ ರಿಪೋರ್ಟ್, ಅಷ್ಟೇ.

ಕ್ರಿಕೆಟ್ ಹುಚ್ಚಿರೋ ಅಣ್ಣ ತಮ್ಮಂದಿರಿಗೆ ಒಂದು ನೆನಪು ಮಾಡ್ತೀನಿ. 2019ರ ಆಗಸ್ಟ್, ಲಾರ್ಡ್ಸ್ ಟೆಸ್ಟ್. ಸ್ಟೀವ್ ಸ್ಮಿತ್ 80ರಲ್ಲಿ ಇದ್ದಾಗ ಜೋಫ್ರಾ ಆರ್ಚರ್ ಚೆಂಡು ಕುತ್ತಿಗೆಗೆ ಬಡೀತು. ಒಳಗೆ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿದ್ರು, ಪಾಸಾದ, ಒಂದು ಗಂಟೆಯೊಳಗೆ ವಾಪಸ್ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದ. ಮಾರನೇ ದಿನ ಬೆಳಿಗ್ಗೆ ಲಕ್ಷಣ ಕಾಣಿಸ್ತು, ಪಂದ್ಯದಿಂದ ಹೊರಗೆ ಬಂದ. ಅವನ ಬದಲಿಗೆ ಬಂದ ಲಬುಶೇನ್ ಟೆಸ್ಟ್ ಇತಿಹಾಸದಲ್ಲೇ ಮೊದಲ ಕನ್ಕಶನ್ ಬದಲಿ ಆಟಗಾರ. ಸ್ಮಿತ್ ನಮ್ಮ ಯಾರ್ಕ್‌ಶೈರಿನ ಹೆಡಿಂಗ್ಲೆಯಲ್ಲಿ ನಡೆದ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಜಗತ್ತಿನ ದೊಡ್ಡ ಬ್ಯಾಟ್ಸ್‌ಮನ್, ಪಕ್ಕದಲ್ಲೇ ಡಾಕ್ಟರು, ಅವನೇ ಪರೀಕ್ಷೆ ಪಾಸಾಗಿ ಆಮೇಲೆ ಹಿಂದೆ ಸರಿದ. ಅವನನ್ನ ಯಾರೂ ಸೋಮಾರಿ ಅನ್ನಲಿಲ್ಲ.

ನಮಗೆ ಇನ್ನೊಂದು ಚಿತ್ರ ಹೆಚ್ಚು ಇಷ್ಟ. 2002ರಲ್ಲಿ ಆಂಟಿಗಾದಲ್ಲಿ ಒಡೆದ ದವಡೆಗೆ ಬ್ಯಾಂಡೇಜ್ ಸುತ್ಕೊಂಡು ಬೌಲ್ ಮಾಡಿ ಲಾರಾನನ್ನ ಔಟ್ ಮಾಡಿದ ನಮ್ಮ ಕುಂಬ್ಳೆ. ನನಗೂ ಅದು ಮೈ ಜುಮ್ಮೆನ್ನಿಸೋ ದೃಶ್ಯ, ಅಪ್ಪ ಅದನ್ನ ಹೇಳದೇ ಇರೋ ವರ್ಷ ಇಲ್ಲ. ಆದ್ರೆ ಅದು ದವಡೆ. ದವಡೆ ಮುರಿದ್ರೆ ನೋವು ತಡ್ಕೊಂಡು ತಲೆ ಓಡಿಸಬಹುದು. ತಲೆಗೇ ಪೆಟ್ಟಾದ್ರೆ "ತಡ್ಕೋ" ಅಂತ ಯಾರಿಗೆ ಹೇಳ್ತೀರಿ? ತಡ್ಕೋಬೇಕಾದ ಅಂಗಕ್ಕೇ ಗಾಯ ಆಗಿದೆ.

"ನಮ್ಮಜ್ಜ ಮರದಿಂದ ಬಿದ್ದು ಮಾರನೇ ದಿನವೇ ತೋಟಕ್ಕೆ ಹೋದ್ರು, ಏನೂ ಆಗಲಿಲ್ಲ" ಅನ್ನೋರು ಇರ್ತಾರೆ. ನನ್ನ ಅಜ್ಜನ ಬಗ್ಗೆಯೂ ಮನೆಯಲ್ಲಿ ಇದೇ ಕಥೆ ಇದೆ. ಅದೇ ಅಜ್ಜ ಬಿದ್ದ ವರ್ಷದಿಂದ ಸಿಟ್ಟು ಜಾಸ್ತಿ ಆಯ್ತು, ಕೆಲಸದ ಮಧ್ಯೆ ಸುಮ್ನೆ ನಿಂತುಬಿಡ್ತಿದ್ರು ಅಂತ ಅಜ್ಜಿ ಹೇಳ್ತಿದ್ದ ಕಥೆಯೂ ಇದೆ. ಅದು ಆ ಪೆಟ್ಟಿನಿಂದಲೇ ಅಂತ ನಾನು ಹೇಳಲ್ಲ. ಮೊದಲ ಕಥೆ ಹೇಳೋವಾಗ ನಾವು ಎರಡನೇದನ್ನ ಬಿಟ್ಟುಬಿಡ್ತೀವಿ ಅಂತಷ್ಟೇ ಹೇಳ್ತೀನಿ.

ಮೊದಲು ನಾಚಿಕೆ ಅಂದೆನಲ್ಲ, ಅದನ್ನೂ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ ನಮ್ಮ ಅತ್ತೆ ಸ್ಕೂಟರ್ ಹಿಂದೆ ಒಂದು ಕಡೆ ಕಾಲು ಹಾಕಿ ಕೂತಿದ್ದವರು ಹಂಪ್ ಹತ್ರ ಬಿದ್ರು. ಹೆಲ್ಮೆಟ್ ಇರಲಿಲ್ಲ, ತಲೆಗೆ ಮೂರು ಹೊಲಿಗೆ. ಎರಡು ತಿಂಗಳಾದ ಮೇಲೆ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಎಂಬತ್ತು ಜನರ ಅಡುಗೆ. ಬೆಳಿಗ್ಗೆಯಿಂದ ನೀರು ಹೊತ್ತು, ಪಾತ್ರೆ ಎತ್ತಿ, ಒಲೆ ಮುಂದೆ ನಿಂತು, ಮಧ್ಯಾಹ್ನದ ಹೊತ್ತಿಗೆ ಸಾರಿಗೆ ಉಪ್ಪು ಹಾಕಿದ್ದು ಮರೆತು ಎರಡು ಸಲ ಹಾಕಿದ್ರು. ಎಲ್ಲರೂ ನಕ್ಕರು. ವಿಡಿಯೋ ಕಾಲಲ್ಲಿ ನನಗೆ ಹೇಳಿದಾಗ ನಾನೂ ನಕ್ಕೆ. "ಅತ್ತೆ, ನಿಮಗೂ ವಯಸ್ಸಾಯ್ತು" ಅಂದೆ. ಅವರು ಆಗ "ಸುಸ್ತಾದಾಗ ತಲೆ ಖಾಲಿ ಆಗತ್ತೆ ಕಣೇ" ಅಂದಿದ್ರು. ಬಿಎಸ್ಸಿ ನರ್ಸಿಂಗ್ ಓದಿದೋಳು ನಾನು, ಆ ಒಂದು ಮಾತನ್ನ ಕೇಳಿಸ್ಕೊಳ್ಳಲಿಲ್ಲ. ಅತ್ತೆ, ತಪ್ಪಾಯ್ತು.

ಈಗ ಊರವರಿಗೆ, ಮುಖ್ಯವಾಗಿ ಚಿಕ್ಕಪ್ಪನಿಗೆ, ನನ್ನ ಬೇಡಿಕೆ.

ಚಿಕ್ಕಪ್ಪ, ಈ ಸಲದ ಕೊಯ್ಲಿಗೆ ಅವನನ್ನ ಮರ ಹತ್ತಿಸಬೇಡಿ. ಈಗಿನ ಕಾಲದಲ್ಲಿ ಕೊನೆ ಕೊಯ್ಯೋರು ಸಿಗಲ್ಲ, ಸಿಕ್ಕಿದ್ರೂ ಕೂಲಿ ಜಾಸ್ತಿ, ಮನೆ ಹುಡುಗ ಹತ್ತಿದ್ರೆ ಎಷ್ಟು ಉಳಿಯತ್ತೆ ಅಂತ ನನಗೂ ಗೊತ್ತು, ನಾನೂ ತೋಟದ ಮನೆಯವಳೇ. ಆದ್ರೆ ಒಂದು ಮರದ ತುದಿಯಿಂದ ಬಗ್ಗಿ ಪಕ್ಕದ ಮರ ಹಿಡಿದು ದಾಟೋ ಆ ಒಂದು ಕ್ಷಣ ನೆನೆಸ್ಕೊಳ್ಳಿ. ನನಗೆ ಆ ಕ್ಷಣದಲ್ಲಿ ಕೈಯಲ್ಲಿ ಸಿರಿಂಜ್ ಇತ್ತು, ಪಕ್ಕದಲ್ಲಿ ಚೆಕ್ ಮಾಡೋಕೆ ಇನ್ನೊಬ್ಬರಿದ್ರು. ಮರದ ತುದಿಯಲ್ಲಿ ಅವನ ಪಕ್ಕ ಯಾರಿರ್ತಾರೆ? ತಿಂಗಳುಗಟ್ಟಲೆ ಕೆಲಸ ಬಿಡಿಸಿ ಅಂತ ನಾನು ಹೇಳ್ತಿಲ್ಲ. ಕೆಳಗೆ ನೆಲದ ಮೇಲೆ ನಿಂತು ಮಾಡೋ ಕೆಲಸ ಬೇಕಾದಷ್ಟಿದೆ. ಅಡಿಕೆ ಸುಲಿಸೋದು, ಬೇಯಿಸೋದರ ಉಸ್ತುವಾರಿ, ಒಣಗಿಸೋದು, ಲೆಕ್ಕ. ಕೈ ದೋಟಿ ಕೂಡ ಭಾರದ ಕೆಲಸವೇ, ಕತ್ತೆತ್ತಿ ನಿಲ್ಬೇಕು, ಅದನ್ನೂ ಡಾಕ್ಟರನ್ನ ಕೇಳಿಯೇ ಕೊಡಿ. ಬೈಕನ್ನೂ ಸದ್ಯಕ್ಕೆ ಬೇರೆಯವರು ಓಡಿಸಲಿ. ಒಂದು ಪೆಟ್ಟು ಮಾಯೋಕೆ ಮುಂಚೆ ಇನ್ನೊಂದು ಬೀಳೋದು ತುಂಬಾ ಅಪಾಯ.

ಎರಡನೇದು, ಶಿವಮೊಗ್ಗಕ್ಕೋ ಮಣಿಪಾಲಕ್ಕೋ ನ್ಯೂರಾಲಜಿ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಬೇಕಿದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ "ತಲೆನೋವು" ಅಂತ ಮಾತ್ರ ಹೇಳಿ ಬರಬೇಡಿ. "ಕೂತಾಗ ಏನೂ ಇಲ್ಲ, ಮರ ಹತ್ತಿದ್ರೆ ನಾಲ್ಕನೇ ಮರಕ್ಕೆ ತಲೆ ಮಂಕಾಗತ್ತೆ, ಕಾಲು ಗಂಟೆ ಕೂತ್ರೆ ಸರಿ ಹೋಗತ್ತೆ" ಅಂತ ಹೀಗೇ ಹೇಳಿ. ಆ ಮಾತಲ್ಲೇ ಅರ್ಧ ರೋಗನಿರ್ಣಯ ಇದೆ. ಶ್ರಮದಲ್ಲಿ ತಲೆಸುತ್ತು ಬರೋಕೆ ಬೇರೆ ಕಾರಣಗಳೂ ಇರ್ತವೆ. ರಕ್ತಹೀನತೆ, ಹೃದಯದ ತಾಳ ತಪ್ಪೋದು, ಬಿಪಿ, ಕುತ್ತಿಗೆ ಪೆಟ್ಟು, ಕಿವಿಯ ಸಮತೋಲನದ ತೊಂದರೆ. ಅದನ್ನೂ ನೋಡ್ಬೇಕು, ಅದಕ್ಕೇ ಡಾಕ್ಟರು ಬೇಕು, ವಾಟ್ಸಾಪ್ ಸಾಲದು. ಟ್ರೆಡ್‌ಮಿಲ್ ಅಂದ ಕೂಡ್ಲೇ ನಮ್ಮ ಕಡೆ ಹೃದಯಕ್ಕೆ ಮಾಡೋ ಟಿಎಂಟಿ ನೆನಪಾಗತ್ತೆ. ಇದು ಅದಲ್ಲ. ತಲೆ ಪೆಟ್ಟಿನ ವಿಷಯ ಗೊತ್ತಿರೋರೇ ನಿಂತು ಮಾಡಿಸ್ಬೇಕು ಅಂತ ಕೇಳಿ.

ಮೂರನೇದು ಎಲ್ಲರಿಗೂ. ನಿಮ್ಮ ಮನೆಯಲ್ಲಿ ತಲೆಗೆ ಪೆಟ್ಟಾದವರು ಯಾರಾದ್ರೂ ಇದ್ರೆ, ಗಾಯ ಮಾದ ಮೇಲೂ ಗಮನ ಇಡಿ. ಡಾಕ್ಟರು ನಡೀಬಹುದು ಅಂದಿದ್ರೆ, ಒಂದು ದಿನ ಅವರ ಜೊತೆ ಏರು ರಸ್ತೆಯಲ್ಲಿ ಹತ್ತು ನಿಮಿಷ ಬಿರುಸಾಗಿ ನಡೀರಿ. ಹೊರಡೋಕೆ ಮುಂಚೆ ಒಂದು ಸಲ, ಹತ್ತಿ ಮುಗಿದ ತಕ್ಷಣ ಒಂದು ಸಲ, ಡಿಸೆಂಬರಿನಿಂದ ಜನವರಿವರೆಗೆ ತಿಂಗಳು ಹಿಂದುಮುಂದಾಗಿ ಹೇಳಿಸಿ. ನಮ್ಮಪ್ಪನಂಥವರಿಗೆ ಫಾಲ್ಗುಣದಿಂದ ಚೈತ್ರದವರೆಗೂ ಆಗಬಹುದು. ಮೊದಲು ಸರಾಗವಾಗಿ ಹೇಳಿದವರು ಆಮೇಲೆ ತಡವರಿಸಿದ್ರೆ, ಅಥವಾ ನಡೀತಾ ತಲೆನೋವು ಬಂದ್ರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಇದು ಪರೀಕ್ಷೆ ಅಲ್ಲ, ಸರಿಯಾಗಿ ಹೇಳಿದ್ರು ಅಂತ ಮರ ಹತ್ತಿಸೋಕೆ ಪರವಾನಗಿಯೂ ಅಲ್ಲ. ಡಾಕ್ಟರ ಬಳಿ ಹೋಗೋಕೆ ಒಂದು ಕಾರಣ, ಅಷ್ಟೇ.

ಪೆಟ್ಟು ಹೊಸದಾಗಿದ್ದು, ಮತ್ತೆ ಮತ್ತೆ ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದಂಥ ಮಂಪರು, ಫಿಟ್ಸ್, ಕೈಕಾಲು ಒಂದು ಕಡೆ ಸೋಲೋದು, ಮೂಗಿಂದ ಕಿವಿಯಿಂದ ನೀರಿನಂಥ ದ್ರವ ಬರೋದು ಇದ್ರೆ ಯಾವ ಯೋಚನೆಯೂ ಬೇಡ, ತಕ್ಷಣ ಆಸ್ಪತ್ರೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿಗೆ ತಲೆಗೆ ಪೆಟ್ಟಾದ್ರೆ ಲಕ್ಷಣ ಇಲ್ಲದಿದ್ರೂ ಅವತ್ತೇ ತೋರಿಸಿ.

ಕೊನೇದು. ಸೋಮಾರಿ, ಹೆದರುಪುಕ್ಕಲ, ನಾಟಕ ಅನ್ನೋ ಮಾತುಗಳನ್ನ ಸ್ವಲ್ಪ ದಿನ ಅಟ್ಟದ ಮೇಲೆ ಇಡಿ. ನನಗೆ ಇಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಆದ್ರೂ ನಾನೇ ನನಗೆ ಅಂದ್ಕೊಂಡೆ. ವೀಸಾ ಏನಾಗತ್ತೆ, ಕೆಲಸಕ್ಕೆ ಲಾಯಕ್ಕಿಲ್ಲ ಅಂತಾರೇನೋ, ಅಂತ ಸಂಜೆಯ ಆ ಮಂಕನ್ನ ಎರಡು ವಾರ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಕ್ಕೆ ಬೆಲೆ ತೆರಬೇಕಾಗಿದ್ದು ನಾನಲ್ಲ, ಹಾಸಿಗೆ ಮೇಲಿದ್ದ ಆ ಅಜ್ಜ. ಊರಲ್ಲಿ ನಾಲ್ಕು ಜನ ನಗ್ತಾರೆ ಅಂತ ನಮ್ಮ ಹುಡುಗ ಸುಮ್ಮನಾಗಿ ಮತ್ತೆ ತಳೆ ಕಾಲಿಗೆ ಹಾಕ್ಕೊಂಡ್ರೆ ಬೆಲೆ ತೆರೋದು ಅವನೇ.

ನಿನ್ನೆ ರಾತ್ರಿ ಅವನಿಗೆ ಈ ಬರಹ ಓದಿ ಹೇಳಿದೆ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ನಿದ್ದು, "ಅಂದ್ರೆ ನನಗೆ ಹುಚ್ಚಲ್ಲ ಅಲ್ವಾ ಅಕ್ಕ?" ಅಂದ. ಇಲ್ಲಪ್ಪ, ಹುಚ್ಚಲ್ಲ. ನಿನ್ನ ಬಲ್ಬ್ ಸರಿ ಇದೆ. ಲೋಡ್ ತಡೆಯೋಕೆ ಇನ್ನೂ ಸ್ವಲ್ಪ ದಿನ ಬೇಕು.

ಚಿಕ್ಕಪ್ಪ, ಡಾಕ್ಟರ ಹತ್ರ ಯಾವತ್ತು ಹೋಗೋದು ಅಂತ ಈ ಕೆಳಗೇ ಬರೀರಿ, ಎಲ್ಲರೂ ನೋಡಲಿ. ಫೀಸು ನನ್ನ ಲೆಕ್ಕ. ಉಳಿದವರು ನಿಮ್ಮ ಮನೆಯ ಅನುಭವ ಬರೀರಿ, ಹೆಸರು ಹಾಕೋಕೆ ಮುಜುಗರ ಆದ್ರೆ ಇನ್‌ಬಾಕ್ಸಿಗೆ ಕಳಿಸಿ. ಮುಂದಿನ ಪತ್ರದಲ್ಲಿ ಕಾಲಿನ ಗಾಯದ ಪ್ರಶ್ನೆಗಳಿಗೆ ಉತ್ತರ, ಖಂಡಿತ.